ಪ್ರಯೋಗಶಾಲೆಯ ವಾನರ ಸಂಸಾರ

ದೇವಸ್ಥಾನದ ಮೆಟ್ಟಿಲುಗಳ ಮೇಲೆ ಕುಳಿತು ಯಾತ್ರಿಕರ ಕೈಯಿಂದ ಬಾಳೆಯಹಣ್ಣನ್ನು ಕಸಿದುಕೊಳ್ಳುವ ಕೋತಿಯನ್ನು ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಹೆಂಚನ್ನು ಕಿತ್ತು, ತೋಟವನ್ನು ಹಾಳುಗೆಡವಿ, ಬೈಗಳನ್ನು ತಿಂದು, ಮರುದಿನ ಹನುಮಂತನ ಹೆಸರಿನಲ್ಲಿ ಕಡಲೆಯನ್ನೂ ತಿನ್ನುವ ಈ ಪ್ರಾಣಿಯೊಡನೆ ನಮ್ಮ ಸಂಬಂಧ ಬಹಳ ಹಳೆಯದು. ಆದರೆ ಇದೇ ಕುಲದ ಸಾವಿರಾರು ಕೋತಿಗಳು ನಮ್ಮ ಕಣ್ಣಿಗೆ ಬೀಳದ ಇನ್ನೊಂದು ಲೋಕದಲ್ಲಿ ಬಾಳುತ್ತಿವೆ. ಅಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆಯುಂಟು. ಹುಟ್ಟಿದ ದಿನ, ತಾಯಿಯ ಗುರುತು, ತೂಕ, ಬಂದ ಕಾಯಿಲೆ, ಚುಚ್ಚಿದ ಮದ್ದು ಇವನ್ನೆಲ್ಲ ಬರೆದಿಟ್ಟ ಜಾತಕವೂ ಉಂಟು. ಅವು ಕಾಡಿನಲ್ಲಿ ಹುಟ್ಟಿದವಲ್ಲ. ವೈದ್ಯವಿಜ್ಞಾನದ ಸಂಶೋಧನೆಗೆಂದೇ ಮನುಷ್ಯನು ಬೆಳೆಸಿದವು.

ಮನುಷ್ಯನು ಹಸುವನ್ನು ಹಾಲಿಗಾಗಿ, ಕುರಿಯನ್ನು ಉಣ್ಣೆಗಾಗಿ ಸಾಕಲು ಕಲಿತು ಸಾವಿರಾರು ವರ್ಷಗಳಾದುವು. ಕೋತಿಯನ್ನು ಸಾಕಿ ಬೆಳೆಸಲು ತೊಡಗಿ ನೂರು ವರ್ಷಗಳಾಗಿವೆಯಷ್ಟೆ. ಈ ಅಲ್ಪಕಾಲದಲ್ಲಿ ಅವನು ಕಲಿತ ಪಾಠಗಳು ಕೆಲವು. ತಪ್ಪು ಮಾಡಿಯೇ ಕಲಿತವು ಅವುಗಳಲ್ಲಿ ಹಲವು. ಆ ಕಥೆಯನ್ನು ಇಲ್ಲಿ ನೋಡೋಣ.

ಕೋತಿಯೇ ಏಕೆ?

ಇಲಿ, ಮೊಲ, ಗಿನಿಯಿಲಿಗಳು ಇರುವಾಗ ಕೋತಿಯ ಗೊಡವೆ ಏಕೆ ಬೇಕಾಯಿತೆಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ರಕ್ತಸಂಬಂಧದಲ್ಲಿದೆ. ಉತ್ತರ ಭಾರತದ ಕೆಂಪು ಮೋರೆಯ ಕೋತಿಗೆ ವಿಜ್ಞಾನಿಗಳು ರೀಸಸ್ ಎಂದು ಹೆಸರಿಟ್ಟಿದ್ದಾರೆ. ಅದರ ಪೂರ್ವಜರೂ ನಮ್ಮ ಪೂರ್ವಜರೂ ಬೇರೆಯಾದುದು ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ. ೨೦೦೭ರಲ್ಲಿ ಅದರ ಆನುವಂಶಿಕ ಲಿಪಿಯನ್ನು ಓದಿ ಮುಗಿಸಿದಾಗ, ಅದು ನೂರಕ್ಕೆ ಸುಮಾರು ೯೩ರಷ್ಟು ಮನುಷ್ಯನ ಲಿಪಿಯನ್ನೇ ಹೋಲುವುದೆಂದು ತಿಳಿಯಿತು. ಹೆಣ್ಣು ರೀಸಸ್ಸಿಗೆ ಮಾನವ ಸ್ತ್ರೀಯಂತೆಯೇ ಸುಮಾರು ೨೮ ದಿನಗಳ ಋತುಚಕ್ರವಿದೆ. ಹೆಚ್ಚಿನ ಪ್ರಾಣಿಗಳು ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಕೋತಿಗೂ ನಮಗೂ ಆ ಶಕ್ತಿಯಿಲ್ಲ.

ರೋಗಗಳ ವಿಷಯದಲ್ಲಿಯೂ ಹೀಗೆಯೇ. ೧೯೦೮ರಲ್ಲಿ ವಿಯೆನ್ನಾ ನಗರದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಎರ್ವಿನ್ ಪಾಪ್ಪರ್ ಎಂಬ ವಿಜ್ಞಾನಿಗಳು, ಪೋಲಿಯೋ ರೋಗದಿಂದ ಸತ್ತ ಬಾಲಕನೊಬ್ಬನ ಬೆನ್ನುಹುರಿಯ ಸಾರವನ್ನು ಕೋತಿಗಳಿಗೆ ಚುಚ್ಚಿದರು. ಕೋತಿಗಳಿಗೂ ರೋಗ ತಗುಲಿತು. ಅದೇ ಸಾರವು ಮೊಲ ಇಲಿಗಳಿಗೆ ಏನನ್ನೂ ಮಾಡಲಿಲ್ಲ. ಮಕ್ಕಳ ಕೈಕಾಲುಗಳ ಶಕ್ತಿಯನ್ನು ಕಸಿದುಕೊಳ್ಳುತ್ತಿದ್ದ ಆ ಕಾಯಿಲೆಯು ಒಂದು ವೈರಸ್ಸಿನಿಂದ ಬರುತ್ತದೆಂಬ ಅರಿವಿಗೆ ಈ ಪ್ರಯೋಗವೇ ಬುನಾದಿಯಾಯಿತು. ಇದೇ ಲ್ಯಾಂಡ್‌ಸ್ಟೈನರನು ೧೯೪೦ರಲ್ಲಿ ಅಲೆಕ್ಸಾಂಡರ್ ವೀನರ್ ಎಂಬವನೊಡನೆ ಸೇರಿ, ರೀಸಸ್ ಕೋತಿಯ ರಕ್ತದ ನೆರವಿನಿಂದ ಮಾನವರಕ್ತದಲ್ಲಿ ಹೊಸದೊಂದು ಅಂಶವನ್ನು ಗುರುತಿಸಿದನು. ನಮ್ಮ ರಕ್ತದ ಗುಂಪನ್ನು ಬರೆಯುವಾಗ 'ಆರ್‌ಎಚ್ ಪಾಸಿಟಿವ್' ಅಥವಾ 'ನೆಗೆಟಿವ್' ಎಂದು ಸೇರಿಸುತ್ತಾರಷ್ಟೆ. ಆ ಎರಡು ಅಕ್ಷರಗಳು ರೀಸಸ್ ಕೋತಿಯ ಹೆಸರಿನ ಮೊದಲ ಅಕ್ಷರಗಳು.

ಆದರೆ ನೆಂಟಸ್ತಿಕೆ ಎರಡು ಕಡೆಯಿಂದಲೂ ನಡೆಯುವಂಥದು. ನಮ್ಮ ರೋಗ ಅವಕ್ಕೆ ತಗಲುವಂತೆ ಅವುಗಳ ರೋಗ ನಮಗೂ ತಗಲುತ್ತದೆ. ಮಂಗಗಳು ಸಾಯತೊಡಗಿದರೆ ಊರಿಗೆ ಕೇಡು ಬಂತೆಂದು ಮಲೆನಾಡಿನವರು ಬೆಚ್ಚುವುದನ್ನು ನಾವು ಬಲ್ಲೆವು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಕಾಣಿಸಿಕೊಂಡ 'ಮಂಗನ ಕಾಯಿಲೆ'ಯಲ್ಲಿ ಉಣ್ಣೆಹುಳುಗಳ ಮೂಲಕ ಒಂದೇ ವೈರಸ್ಸು ಮಂಗನನ್ನೂ ಮನುಷ್ಯನನ್ನೂ ಹಿಡಿಯಿತು. ಈ ಎರಡು ಅಲಗಿನ ನೆಂಟಸ್ತಿಕೆಯನ್ನು ಓದುಗರು ನೆನಪಿನಲ್ಲಿಡಬೇಕು.

ಹಳ್ಳಿಯಿಂದ ಹಡಗಿಗೆ

ಪೋಲಿಯೋ ವೈರಸ್ಸನ್ನು ಜೀವಂತ ಕೋತಿಯಲ್ಲದೆ ಬೇರೆಲ್ಲಿಯೂ ಹೇರಳವಾಗಿ ಬೆಳೆಸಲು ಬಹುಕಾಲ ಆಗಲಿಲ್ಲ. ೧೯೪೯ರಲ್ಲಿ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಎಂಬ ಮೂವರು ಅಮೆರಿಕನ್ನರು ಅದನ್ನು ನರವಲ್ಲದ ಬೇರೆ ಅಂಗಾಂಶಗಳಲ್ಲಿಯೂ ಗಾಜಿನ ಪಾತ್ರೆಯೊಳಗೆ ಬೆಳೆಸಿ ತೋರಿಸಿದರು. ೧೯೫೪ರ ನೊಬೆಲ್ ಬಹುಮಾನ ಅವರಿಗೆ ಸಂದಿತು. ಈ ದಾರಿ ತೆರೆದೊಡನೆ ಜೋನಾಸ್ ಸಾಲ್ಕನು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಾಲಿನ್ನಿನಿಂದ ಅದನ್ನು ನಿರ್ಜೀವಗೊಳಿಸಿ ಲಸಿಕೆಯನ್ನು ಮಾಡಿದನು. ೧೯೫೫ರ ಏಪ್ರಿಲ್ ೧೨ರಂದು ಆ ಲಸಿಕೆಯು ಫಲಕಾರಿಯೆಂದು ಸಾರಿದಾಗ ಅಮೆರಿಕದಲ್ಲಿ ಚರ್ಚಿನ ಗಂಟೆಗಳು ಮೊಳಗಿದುವಂತೆ.

ಆ ಗಂಟೆಯ ನಾದದ ಹಿಂದೆ ಇನ್ನೊಂದು ಸದ್ದೂ ಇತ್ತು: ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬಲೆ ಬೀಳುತ್ತಿದ್ದ ಸದ್ದು. ಲಸಿಕೆಯನ್ನು ತಯಾರಿಸಲು ಮೂತ್ರಪಿಂಡಗಳು ಬೇಕು. ತಯಾರಾದುದು ನಿರಪಾಯಕರವೇ ಎಂದು ಪರೀಕ್ಷಿಸಲು ಮತ್ತೆ ಕೋತಿಗಳು ಬೇಕು. ೧೯೫೦ರ ದಶಕದ ಕೊನೆಯ ಭಾಗದಲ್ಲಿ ವರ್ಷವೊಂದಕ್ಕೆ ಒಂದು ಲಕ್ಷಕ್ಕೂ ಮೀರಿ ರೀಸಸ್ ಕೋತಿಗಳು ಭಾರತದಿಂದ ಹೊರದೇಶಗಳಿಗೆ ಹೋದುವು. ಎಲ್ಲವೂ ಕಾಡು ಹಳ್ಳಿಗಳಲ್ಲಿ ಹಿಡಿದವು. ಬಿದಿರಿನ ಬುಟ್ಟಿಗಳಲ್ಲಿ, ಮರದ ಪೆಟ್ಟಿಗೆಗಳಲ್ಲಿ ಇಡುಕಿರಿದು ಕಳುಹಿದ ಇವುಗಳಲ್ಲಿ ಎಷ್ಟೋ ದಾರಿಯಲ್ಲಿಯೇ ಸತ್ತುವು. ೧೯೫೫ರಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಸುಮಾರು ನಾನೂರು ಕೋತಿಗಳು ಗಾಳಿಯಿಲ್ಲದೆ ಉಸಿರುಕಟ್ಟಿ ಸತ್ತ ಸುದ್ದಿ ಬಂದಾಗ ನಮ್ಮ ದೇಶದಲ್ಲಿ ಅಸಮಾಧಾನವೆದ್ದಿತು. ಸರ್ಕಾರವು ರಫ್ತನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸಾಗಾಟದಲ್ಲಿ ಎಚ್ಚರವಿರಬೇಕು, ವೈದ್ಯಕೀಯ ಕಾರ್ಯಕ್ಕಲ್ಲದೆ ಬೇರೆಯದಕ್ಕೆ ಇವನ್ನು ಬಳಸಬಾರದು ಎಂಬ ಕರಾರಿನ ಮೇಲೆ ಪುನಃ ಬಿಟ್ಟುಕೊಟ್ಟಿತು.

ಇಷ್ಟು ಕೋತಿಗಳು ಹೋದರೆ ಉಳಿಯುವುದೆಷ್ಟು? ಅಮೆರಿಕದ ಚಾರ್ಲ್ಸ್ ಸೌತ್‌ವಿಕ್ ಮತ್ತು ಅಲಿಗಢದ ರಫೀಕ್ ಸಿದ್ದಿಕಿ ಮೊದಲಾದವರು ೧೯೫೯ರಿಂದ ಉತ್ತರ ಪ್ರದೇಶದಲ್ಲಿ ಊರೂರು ಸುತ್ತಿ ಕೋತಿಗಳನ್ನು ಎಣಿಸಿದರು. ತಾಯಂದಿರು ಇದ್ದರು, ಹಸುಮರಿಗಳು ಇದ್ದುವು; ಆದರೆ ಒಂದರಿಂದ ಮೂರು ವರ್ಷದ ಎಳೆಯವು ಬಹು ವಿರಳವಾಗಿದ್ದುವು. ವ್ಯಾಪಾರಿಗಳಿಗೆ ಬೇಕಾದುದು ಆ ವಯಸ್ಸಿನವೇ. ಹಿಂಡು ಹೊರನೋಟಕ್ಕೆ ಇದ್ದಂತೆಯೇ ಇದ್ದರೂ ಅದರ ನಾಳೆಯನ್ನು ಯಾರೋ ಹೊತ್ತೊಯ್ದಿದ್ದರು. ೧೯೭೦ರ ದಶಕದಲ್ಲಿ ಸರ್ಕಾರವು ರಫ್ತನ್ನು ವರ್ಷಕ್ಕೆ ೨೦,೦೦೦ಕ್ಕೆ ಇಳಿಸಿತು. ಅಮೆರಿಕದಲ್ಲಿ ಕೆಲವು ಕೋತಿಗಳನ್ನು ಸೈನ್ಯಕ್ಕೆ ಸಂಬಂಧಿಸಿದ ವಿಕಿರಣ ಪರೀಕ್ಷೆಗಳಿಗೆ ಬಳಸಿದ ಸಂಗತಿ ಬೆಳಕಿಗೆ ಬಂದ ಮೇಲೆ, ಮುರಾರ್ಜಿ ದೇಸಾಯಿಯವರ ಸರ್ಕಾರವು ೧೯೭೮ರ ಏಪ್ರಿಲ್ ೧ರಿಂದ ರಫ್ತನ್ನು ಪೂರ್ಣವಾಗಿ ನಿಷೇಧಿಸಿತು. ಮರುವರ್ಷ ಬಾಂಗ್ಲಾದೇಶವೂ ಬಾಗಿಲನ್ನು ಮುಚ್ಚಿತು. ಪರದೇಶದ ಪ್ರಯೋಗಶಾಲೆಗಳಿಗೆ ಉಳಿದುದು ಒಂದೇ ಹಾದಿ: ತಮಗೆ ಬೇಕಾದ ಕೋತಿಗಳನ್ನು ತಾವೇ ಬೆಳೆಸಿಕೊಳ್ಳುವುದು.

ದ್ವೀಪದಲ್ಲಿ ನಾನೂರ ಒಂಬತ್ತು

ಈ ಯೋಚನೆ ಆಗ ಹೊಸದೇನೂ ಆಗಿರಲಿಲ್ಲ. ನಲವತ್ತು ವರ್ಷಗಳ ಹಿಂದೆಯೇ ಅದಕ್ಕೊಂದು ಪ್ರಯತ್ನ ನಡೆದಿತ್ತು. ವೆಸ್ಟ್ ಇಂಡೀಸ್ ದ್ವೀಪಗಳ ಪೈಕಿ ಪೋರ್ಟೊ ರೀಕೊ ಎಂಬುದೊಂದು. ಅದರ ಪೂರ್ವ ಕರಾವಳಿಯ ಹತ್ತಿರ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ೩೮ ಎಕರೆ, ಎಂದರೆ ನಮ್ಮ ಕಡೆಯ ಒಬ್ಬ ದೊಡ್ಡ ರೈತನ ಜಮೀನಿನಷ್ಟು. ೧೯೩೮ರಲ್ಲಿ ಕ್ಲಾರೆನ್ಸ್ ರೇ ಕಾರ್ಪೆಂಟರ್ ಎಂಬ ಪ್ರಾಣಿವಿಜ್ಞಾನಿಯು ಭಾರತಕ್ಕೆ ಬಂದು, ಲಖನೌ ಸುತ್ತಮುತ್ತಲಿನ ಪ್ರದೇಶಗಳಿಂದ ರೀಸಸ್ ಕೋತಿಗಳನ್ನು ಕೂಡಿಸಿ, ಕಲ್ಕತ್ತೆಯಲ್ಲಿ ಹಡಗಿಗೇರಿಸಿದನು. ಆಫ್ರಿಕದ ದಕ್ಷಿಣದ ತುದಿಯನ್ನು ಬಳಸಿ ವಾರಗಟ್ಟಲೆ ಸಾಗಿದ ಆ ಪ್ರಯಾಣದಲ್ಲಿ ಪಂಜರಗಳನ್ನು ತೊಳೆಯುವುದು, ಮೇವು ನೀರು ಕೊಡುವುದು, ಕ್ಷಯರೋಗವಿದೆಯೇ ಎಂದು ಪರೀಕ್ಷಿಸುವುದು ಬಹುಪಾಲು ಅವನ ಪಾಲಿಗೇ ಬಂದಿತು. ಕೊನೆಗೆ ೪೦೯ ಕೋತಿಗಳನ್ನು ಆ ದ್ವೀಪದಲ್ಲಿ ಬಿಟ್ಟರು.

ಬೇರೆ ಬೇರೆ ಊರುಗಳಿಂದ ಬಂದ, ಒಂದಕ್ಕೊಂದು ಗುರುತಿಲ್ಲದ ನಾನೂರು ಕೋತಿಗಳನ್ನು ಒಂದೆಡೆ ಬಿಟ್ಟರೆ ಏನಾದೀತು? ಮೊದಲು ಘೋರ ಕಾದಾಟ. ಅನೇಕ ಕೋತಿಗಳು ಗಾಯಗೊಂಡುವು, ಕೆಲವು ಸತ್ತುವು. ಕ್ರಮೇಣ ಅವು ತಮ್ಮಷ್ಟಕ್ಕೆ ಗುಂಪುಗಳಾಗಿ ಒಡೆದು, ದ್ವೀಪವನ್ನು ಹಂಚಿಕೊಂಡು, ಮರಿಗಳನ್ನು ಹಾಕತೊಡಗಿದುವು. ಯುದ್ಧಕಾಲದಲ್ಲಿ ಹಣವಿಲ್ಲದೆ ಯೋಜನೆ ಸೊರಗಿತು. ಅನೇಕ ಕೋತಿಗಳನ್ನು ಪ್ರಯೋಗಗಳಿಗೆ ಒಯ್ದರು. ಆದರೂ ಹಿಂಡು ನಾಶವಾಗಲಿಲ್ಲ. ೧೯೫೬ರಲ್ಲಿ ಸ್ಟುವರ್ಟ್ ಆಲ್ಟ್‌ಮನ್ ಎಂಬ ಯುವಕನು ಪ್ರತಿಯೊಂದು ಕೋತಿಗೂ ಹಚ್ಚೆಯ ಗುರುತನ್ನು ಹಾಕಿಸಿ ಎಣಿಕೆಯನ್ನು ಆರಂಭಿಸಿದನು. ಅಂದಿನಿಂದ ಯಾರ ಮಗಳು ಯಾರು, ಯಾರ ಅಕ್ಕ ಯಾರು ಎಂಬ ವಂಶಾವಳಿ ಅಲ್ಲಿ ತಲೆಮಾರುಗಳುದ್ದಕ್ಕೂ ಬೆಳೆದು ಬಂದಿದೆ. ಹೊರಗಿನಿಂದ ಹೊಸ ಕೋತಿಯನ್ನು ತಂದು ಸೇರಿಸಿಲ್ಲ. ಇಂದು ಅಲ್ಲಿರುವ ಸಾವಿರಕ್ಕೂ ಮಿಕ್ಕ ಕೋತಿಗಳೆಲ್ಲ ಅಂದು ಗಂಗೆಯ ಬಯಲಿನಿಂದ ಹೋದವುಗಳ ಸಂತತಿಯೇ.

ಈ ವಂಶಾವಳಿಯಿಂದ ತಿಳಿದುಬಂದುದು ಸ್ವಾರಸ್ಯವಾಗಿದೆ. ರೀಸಸ್ ಹಿಂಡು ತಾಯಂದಿರ ಹಿಂಡು. ಗಂಡುಮರಿಯು ಪ್ರಾಯಕ್ಕೆ ಬರುತ್ತಲೇ ಹುಟ್ಟಿದ ಮನೆಯನ್ನು ಬಿಟ್ಟು ಬೇರೆ ಗುಂಪನ್ನು ಸೇರುತ್ತದೆ. ಹೆಣ್ಣು ಜೀವಮಾನವೆಲ್ಲ ತಾಯಿಯ ಬಳಿಯಲ್ಲಿಯೇ ಇರುತ್ತದೆ. ತಾಯಿಯ ಅಂತಸ್ತೇ ಮಗಳ ಅಂತಸ್ತು. ಅಕ್ಕತಂಗಿಯರಲ್ಲಿ ಕಿರಿಯಳದೇ ಮೇಲುಗೈ. ಅಜ್ಜಿ, ಮಗಳು, ಮೊಮ್ಮಗಳು ಎಂಬ ಈ ಹೆಣ್ಣುಸಾಲುಗಳೇ ಹಿಂಡಿನ ಕಂಬಗಳು. ಇದನ್ನು ಅರಿಯದೆ ಕೋತಿಯನ್ನು ಬೆಳೆಸಹೊರಟವನು ಕಂಬವನ್ನು ಕಿತ್ತು ಚಪ್ಪರವನ್ನು ನಿಲ್ಲಿಸಹೊರಟವನಂತೆ.

ಒಂದು ಲೆಕ್ಕ

ಕೋತಿಯನ್ನು ಬೆಳೆಸುವುದು ಇಲಿಯನ್ನು ಬೆಳೆಸಿದಂತಲ್ಲ. ಹೆಣ್ಣಿಲಿಯು ಎರಡು ತಿಂಗಳಿಗೆ ಪ್ರಾಯಕ್ಕೆ ಬಂದು, ಇಪ್ಪತ್ತು ದಿನ ಬಸಿರಾಗಿದ್ದು, ಒಂದೇ ಸಲಕ್ಕೆ ಆರೆಂಟು ಮರಿಗಳನ್ನು ಹಾಕುತ್ತದೆ. ರೀಸಸ್ ಹೆಣ್ಣು ಮೊದಲ ಮರಿಯನ್ನು ಹೆರುವುದು ಸುಮಾರು ನಾಲ್ಕನೆಯ ವರ್ಷದಲ್ಲಿ. ಗರ್ಭಾವಧಿ ಸುಮಾರು ೧೬೫ ದಿನ. ಒಂದು ಸಲಕ್ಕೆ ಒಂದೇ ಮರಿ. ಅದೂ ಬೇಕೆಂದಾಗ ಅಲ್ಲ: ಈ ಪ್ರಾಣಿಗೆ ಕೂಡುವ ಕಾಲ, ಹೆರುವ ಕಾಲ ಎಂದು ಋತುಗಳುಂಟು.

ನಾವೇ ಒಂದು ಲೆಕ್ಕವನ್ನು ಹಾಕೋಣ. ನೂರು ತಾಯಂದಿರಿಂದ ವರ್ಷಕ್ಕೆ ಅರುವತ್ತು ಮರಿಗಳು ಬದುಕಿ ಬೆಳೆಯುತ್ತವೆಂದೂ, ಮರಿಯನ್ನು ಮೂರು ವರ್ಷ ಸಾಕಿ ಪ್ರಯೋಗಶಾಲೆಗೆ ಕೊಡುತ್ತೇವೆಂದೂ ಇಟ್ಟುಕೊಳ್ಳೋಣ. ನಿಷೇಧಕ್ಕೆ ಮೊದಲು ಭಾರತದಿಂದ ಹೋಗುತ್ತಿದ್ದ ೨೦,೦೦೦ ಕೋತಿಗಳನ್ನು ಹೀಗೆ ಒದಗಿಸಲು ೩೩,೦೦೦ಕ್ಕೂ ಹೆಚ್ಚು ತಾಯಂದಿರು ಬೇಕು. ಹತ್ತು ಹೆಣ್ಣಿಗೆ ಒಂದು ಗಂಡಿನಂತೆ ೩,೩೦೦ ಗಂಡುಗಳು ಬೇಕು. ಬೆಳೆಯುತ್ತಿರುವ ಮೂರು ವರ್ಷಗಳ ಮರಿಗಳೇ ೬೦,೦೦೦. ಒಟ್ಟು ಒಂದು ಲಕ್ಷದ ಸಮೀಪ! ಮುದಿಯಾಗುವ ತಾಯಂದಿರ ಸ್ಥಾನವನ್ನು ತುಂಬಲು ಉಳಿಸಿಕೊಳ್ಳಬೇಕಾದ ಹೆಣ್ಣುಮರಿಗಳನ್ನು ನಾವಿನ್ನೂ ಸೇರಿಸಿಯೇ ಇಲ್ಲ. ಹೊಲದಲ್ಲಿ ಹಿಡಿದ ಕೋತಿ ಅಗ್ಗ, ಬೆಳೆಸಿದ ಕೋತಿ ದುಬಾರಿ ಎಂಬುದರ ಕಾರಣ ಈಗ ಸ್ಪಷ್ಟವಾಗುತ್ತದೆ. ಅಗ್ಗವಾಗಿದ್ದಾಗ ಲಕ್ಷಗಟ್ಟಲೆ ಬಳಸಿದವರು ದುಬಾರಿಯಾದ ಮೇಲೆ ಒಂದೊಂದನ್ನೂ ಯೋಚಿಸಿ ಬಳಸಲು ಕಲಿತರು. ಭಾರತದ ನಿಷೇಧವು ವಿಜ್ಞಾನಕ್ಕೆ ಮಾಡಿದ ಉಪಕಾರಗಳಲ್ಲಿ ಇದೂ ಒಂದು.

ಶುದ್ಧವಾದ ಮರಿ, ಸೋತ ಮನಸ್ಸು

ಸಂಖ್ಯೆಯೊಂದೇ ಸಮಸ್ಯೆಯಲ್ಲ. ಕಾಡಿನಿಂದ ಹಿಡಿದ ಕೋತಿ ತನ್ನೊಡನೆ ಏನನ್ನು ತರುತ್ತದೆಂಬುದು ಯಾರಿಗೂ ತಿಳಿಯದು. ೧೯೩೨ರಲ್ಲಿ ಪೋಲಿಯೋ ಸಂಶೋಧನೆಯಲ್ಲಿ ತೊಡಗಿದ್ದ ವಿಲಿಯಂ ಬ್ರೆಬ್ನರ್ ಎಂಬ ಅಮೆರಿಕದ ತರುಣ ವೈದ್ಯನನ್ನು ಕೋತಿಯೊಂದು ಕಚ್ಚಿತು. ಕೆಲವು ದಿನಗಳಲ್ಲಿಯೇ ಅವನು ನರಮಂಡಲದ ಸೋಂಕಿನಿಂದ ತೀರಿಕೊಂಡನು. ಅವನಿಂದ ಬೇರ್ಪಡಿಸಿದ ವೈರಸ್ಸಿಗೆ ಅವನ ಹೆಸರಿನ ಮೊದಲ ಅಕ್ಷರವೇ ಹೆಸರಾಗಿ, 'ಬಿ ವೈರಸ್' ಎಂದಾಯಿತು. ಕೋತಿಗೆ ಅದು ತುಟಿಯ ಮೇಲಿನ ಸಣ್ಣ ಹುಣ್ಣು, ಮನುಷ್ಯನಿಗೆ ಮೃತ್ಯು. ೧೯೬೦ರಲ್ಲಿ ಇನ್ನೊಂದು ಆಘಾತ ಬಂದಿತು. ಪೋಲಿಯೋ ಲಸಿಕೆಯನ್ನು ಬೆಳೆಸುತ್ತಿದ್ದ ರೀಸಸ್ ಮೂತ್ರಪಿಂಡದ ಕೋಶಗಳಲ್ಲಿ ಅದುವರೆಗೆ ಯಾರೂ ಕಾಣದ ವೈರಸ್ಸೊಂದು ಅಡಗಿರುವುದನ್ನು ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಮನ್ ಪತ್ತೆಹಚ್ಚಿದರು. ಎಸ್‌ವಿ ೪೦ ಎಂಬ ಆ ವೈರಸ್ಸು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯಲ್ಲಿ ಗೆಡ್ಡೆಗಳನ್ನು ಉಂಟುಮಾಡಿತು. ಅಷ್ಟರಲ್ಲಿ ಕೋಟಿಗಟ್ಟಲೆ ಜನ ಆ ಲಸಿಕೆಯನ್ನು ಪಡೆದಾಗಿತ್ತು. ಮುಂದೆ ನಡೆದ ದೀರ್ಘ ಪರಿಶೀಲನೆಗಳಲ್ಲಿ ಅದರಿಂದ ಮನುಷ್ಯರಲ್ಲಿ ಕ್ಯಾನ್ಸರ್ ಹೆಚ್ಚಿತೆಂಬುದಕ್ಕೆ ಖಚಿತವಾದ ಸಾಕ್ಷ್ಯ ದೊರೆಯಲಿಲ್ಲವೆಂಬುದು ಸಮಾಧಾನದ ಮಾತು. ೧೯೬೭ರಲ್ಲಿ ಉಗಾಂಡದಿಂದ ತಂದ ಹಸಿರು ಕೋತಿಗಳಿಂದ ಜರ್ಮನಿಯ ಮಾರ್‌ಬರ್ಗ್, ಫ್ರಾಂಕ್‌ಫರ್ಟ್ ಮತ್ತು ಯುಗೋಸ್ಲಾವಿಯದ ಬೆಲ್‌ಗ್ರೇಡ್ ನಗರಗಳಲ್ಲಿ ೩೧ ಮಂದಿಗೆ ಹೊಸ ರೋಗ ತಗುಲಿ, ಏಳು ಮಂದಿ ಸತ್ತರು.

ಹಾಗಾದರೆ ರೋಗವಿಲ್ಲದ ಕೋತಿಯನ್ನು ಪಡೆಯುವುದೆಂತು? ಹುಟ್ಟಿದ ಕೂಡಲೇ ಮರಿಯನ್ನು ತಾಯಿಯಿಂದ ಬೇರ್ಪಡಿಸಿದರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ೧೯೫೦ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ಮನೋವಿಜ್ಞಾನಿಯು ಮಾಡಿದುದು ಇದನ್ನೇ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಮರಿಗಳನ್ನು ಬೇರ್ಪಡಿಸಿ, ಶುಚಿಯಾದ ಪಂಜರಗಳಲ್ಲಿ ಒಂಟಿಯಾಗಿಟ್ಟು, ಸೀಸೆಯ ಹಾಲು ಕುಡಿಸಿ ಬೆಳೆಸಿದನು. ಮರಿಗಳು ದಷ್ಟಪುಷ್ಟವಾಗಿ ಬೆಳೆದುವು. ತಾಯಿಯ ಬಳಿ ಬೆಳೆದವುಗಳಿಗಿಂತ ತೂಕ ಹೆಚ್ಚು, ಸಾವು ಕಡಿಮೆ. ಲೆಕ್ಕದ ಪುಸ್ತಕದಲ್ಲಿ ಇದು ಜಯವೇ.

ಆದರೆ ಪಂಜರದ ನೆಲಕ್ಕೆ ಹಾಸಿದ್ದ ಬಟ್ಟೆಯನ್ನು ತೊಳೆಯಲೆಂದು ತೆಗೆದಾಗ ಮರಿಗಳು ಕಿರಿಚಿ ರಂಪಮಾಡುವುದು ಅಲ್ಲಿನವರ ಕಣ್ಣಿಗೆ ಬಿದ್ದಿತು. ಅವು ಆ ಬಟ್ಟೆಯನ್ನೇ ತಬ್ಬಿಕೊಂಡು ಮಲಗುತ್ತಿದ್ದುವು. ಇದನ್ನು ಕಂಡೇ ಹಾರ್ಲೋ ತನ್ನ ಪ್ರಸಿದ್ಧ ಪ್ರಯೋಗವನ್ನು ಹೂಡಿದನು: ಹಾಲು ಕೊಡುವ ತಂತಿಯ 'ತಾಯಿ'ಯೊಂದು, ಹಾಲಿಲ್ಲದ ಆದರೆ ಮೆತ್ತನೆಯ ಬಟ್ಟೆ ಸುತ್ತಿದ 'ತಾಯಿ'ಯೊಂದು. ಮರಿಗಳು ಹಸಿವಾದಾಗ ತಂತಿಯ ಬಳಿಗೆ ಹೋಗಿ ಹಾಲು ಕುಡಿದು, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ಅಪ್ಪಿಕೊಂಡೇ ಇರುತ್ತಿದ್ದುವು. ಪ್ರೀತಿಯು ಹಾಲಿನ ಬೆನ್ನುಹತ್ತಿ ಬರುವಂಥದೆಂಬ ಅಂದಿನ ಸಿದ್ಧಾಂತವು ೧೯೫೮ರಲ್ಲಿ ಪ್ರಕಟವಾದ ಈ ಫಲಿತಾಂಶದ ಮುಂದೆ ನಿಲ್ಲದಾಯಿತು.

ನಿಜವಾದ ಪಾಠ ಬಂದುದು ಆ ಮರಿಗಳು ದೊಡ್ಡವಾದ ಮೇಲೆ. ಒಂಟಿಯಾಗಿ ಬೆಳೆದ ಕೋತಿಗಳು ಮೂಲೆಯಲ್ಲಿ ಕುಳಿತು ತೂಗಾಡುತ್ತಿದ್ದುವು; ತಮ್ಮ ಮೈಯನ್ನೇ ಕಚ್ಚಿಕೊಳ್ಳುತ್ತಿದ್ದುವು. ಗಂಡುಹೆಣ್ಣುಗಳನ್ನು ಒಂದೆಡೆ ಬಿಟ್ಟರೆ ಕೂಡುವುದು ಹೇಗೆಂದೇ ಅವಕ್ಕೆ ತಿಳಿಯದು. ಹೇಗೋ ಗರ್ಭ ಧರಿಸಿ ಹೆತ್ತ ಹೆಣ್ಣುಗಳಲ್ಲಿ ಹಲವು ತಮ್ಮ ಮರಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೆಲವು ಅದನ್ನು ನೆಲಕ್ಕೆ ಒತ್ತಿ ಹಿಂಸಿಸಿದುವು. ಸಂತಾನವನ್ನು ಬೆಳೆಸಲೆಂದು ಕಟ್ಟಿದ ಹಿಂಡಿಗೆ ಸಂತಾನವನ್ನು ಬೆಳೆಸುವ ಶಕ್ತಿಯೇ ಇಲ್ಲದಾಯಿತು! ಕೂಡುವುದು, ಹೆರುವುದು, ಮರಿಯನ್ನು ಎತ್ತಿಕೊಳ್ಳುವುದು ಎಲ್ಲವೂ ಹುಟ್ಟುಗುಣವೆಂದು ನಾವು ಭಾವಿಸಿದ್ದೆವು. ಕೋತಿಯು ಅವುಗಳಲ್ಲಿ ಬಹುಭಾಗವನ್ನು ತಾಯಿಯ ಮಡಿಲಲ್ಲಿಯೂ ಒಡನಾಡಿಗಳ ಆಟದಲ್ಲಿಯೂ ಕಲಿಯುತ್ತದೆ. ಈ ತಿಳಿವಳಿಕೆಗೆ ತೆತ್ತ ಬೆಲೆ ಆ ಮರಿಗಳ ಬಾಳು. ಹಾರ್ಲೋ ಮಾಡಿದುದು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಹಿಂಡನ್ನು ನಡೆಸುವ ಬಗೆ

ಇಂದಿನ ಒಳ್ಳೆಯ ಸಾಕಣೆ ಕೇಂದ್ರಗಳು ಈ ಎರಡು ಪಾಠಗಳನ್ನು ಕೂಡಿಸಿ ನಡೆಯುತ್ತವೆ. ಸುಮಾರು ಅರ್ಧ ಎಕರೆಯ ಬೇಲಿಯೊಳಗೆ, ತೆರೆದ ಆಕಾಶದ ಕೆಳಗೆ, ನೂರರಷ್ಟು ಕೋತಿಗಳ ಹಿಂಡನ್ನು ಇಡುವುದು ಒಂದು ಪದ್ಧತಿ. ಒಂದು ಗಂಡಿನೊಡನೆ ಹತ್ತಾರು ಹೆಣ್ಣುಗಳನ್ನು ಸಣ್ಣ ಆವರಣದಲ್ಲಿಡುವುದು ಇನ್ನೊಂದು. ಗರ್ಭದ ದಿನವನ್ನು ಕರಾರುವಾಕ್ಕಾಗಿ ತಿಳಿಯಬೇಕಾದಲ್ಲಿ ಜೋಡಿಯನ್ನು ಆಯ್ದ ಕೆಲವೇ ದಿನ ಒಂದೆಡೆ ಬಿಡುತ್ತಾರೆ. ಆಹಾರಕ್ಕೆ ಸಿ ಜೀವಸತ್ವವನ್ನು ಬೆರೆಸಿದ ಗಟ್ಟಿಯಾದ ಬಿಲ್ಲೆಗಳು; ಜೊತೆಗೆ ಹಣ್ಣು ತರಕಾರಿಗಳು. ಕ್ಷಯವನ್ನು ಕಂಡುಹಿಡಿಯಲು ಕಣ್ಣಿನ ಮೇಲುರೆಪ್ಪೆಯ ಚರ್ಮದಲ್ಲಿ ಟ್ಯೂಬರ್‌ಕ್ಯುಲಿನ್ ಚುಚ್ಚುತ್ತಾರೆ: ರೆಪ್ಪೆ ಊದಿಕೊಂಡರೆ ಕೋತಿಯನ್ನು ಹಿಡಿಯದೆಯೇ ದೂರದಿಂದ ಗುರುತಿಸಬಹುದಲ್ಲವೆ!

ಬಿ ವೈರಸ್ಸಿನಿಂದ ಮರಿಯನ್ನು ಕಾಪಾಡುವುದಕ್ಕೂ ಒಂದು ಉಪಾಯ ದೊರೆತಿದೆ. ಈ ಸೋಂಕು ಹೆಚ್ಚಾಗಿ ಹರಡುವುದು ಕೋತಿಗಳು ಪ್ರಾಯಕ್ಕೆ ಕಾಲಿಡುವಾಗ. ಆದುದರಿಂದ ಮರಿಯನ್ನು ಹುಟ್ಟಿದ ದಿನವೇ ಕಿತ್ತುಕೊಳ್ಳಬೇಕಾಗಿಲ್ಲ. ಕೆಲವು ತಿಂಗಳು ತಾಯಿಯ ಮಡಿಲಲ್ಲಿ ಬಿಟ್ಟು, ಪ್ರಾಯಕ್ಕೆ ಬಹು ಮೊದಲೇ ಸಮವಯಸ್ಕರೊಡನೆ ಬೇರೆ ಗುಂಪು ಮಾಡಿ, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿ, ಸೋಂಕಿನ ಸುಳಿವು ಕಂಡುದನ್ನು ಬೇರ್ಪಡಿಸುತ್ತ ಹೋದರೆ, ಕೆಲವು ವರ್ಷಗಳಲ್ಲಿ ಸೋಂಕಿಲ್ಲದ ತಾಯಂದಿರ ಹಿಂಡೊಂದು ಸಿದ್ಧವಾಗುತ್ತದೆ. ಅಲ್ಲಿಂದ ಮುಂದೆ ಮರಿಗಳು ತಾಯಿಯ ಬಳಿಯಲ್ಲಿಯೇ ನಿರ್ಭಯವಾಗಿ ಬೆಳೆಯಬಹುದು.

ಹಿಂಡಿನಿಂದ ಒಂದು ಕೋತಿಯನ್ನು ತೆಗೆಯುವುದಕ್ಕೂ ವಿವೇಕ ಬೇಕು. ಪ್ರಬಲವಾದ ತಾಯಿಸಾಲಿನ ಕೆಲವರನ್ನು ಹೊರತೆಗೆದರೆ ಉಳಿದವರು ಬಲಗುಂದುತ್ತಾರೆ. ಬಹುಕಾಲ ತಗ್ಗಿ ನಡೆದ ಸಾಲುಗಳು ಒಮ್ಮೆಲೇ ದಂಗೆಯೇಳುತ್ತವೆ. ಒಂದೇ ರಾತ್ರಿಯಲ್ಲಿ ಹಲವು ಕೋತಿಗಳು ಸತ್ತ ದೃಷ್ಟಾಂತಗಳುಂಟು. ಆದುದರಿಂದ ಪಶುವೈದ್ಯನ ಜೊತೆಗೆ ಹಿಂಡಿನ ನಡವಳಿಕೆಯನ್ನು ದಿನವೂ ಕುಳಿತು ನೋಡಿ ಬರೆಯುವವರನ್ನೂ ಈ ಕೇಂದ್ರಗಳು ಇಟ್ಟುಕೊಂಡಿರುತ್ತವೆ.

ಬೇಲಿಯ ಆಚೆ

ಎಲ್ಲ ಕಡೆಯೂ ಇಷ್ಟು ವಿವೇಕ ಕಾಣುವುದಿಲ್ಲ. ಅಮೆರಿಕದ ಫ್ಲಾರಿಡ ತೀರದ ಎರಡು ಪುಟ್ಟ ದ್ವೀಪಗಳಲ್ಲಿ ೧೯೭೦ರ ದಶಕದಿಂದ ವ್ಯಾಪಾರಕ್ಕಾಗಿ ರೀಸಸ್ ಕೋತಿಗಳನ್ನು ಬೆಳೆಸಿದರು. ಅವು ಅಲ್ಲಿನ ಕಾಂಡ್ಲಾ ಗಿಡಗಳ ಎಲೆ ತೊಗಟೆಗಳನ್ನು ತಿಂದು ತೀರವನ್ನು ಬೋಳುಮಾಡಿದುವು. ಕೊನೆಗೆ ಕೋತಿಗಳನ್ನೇ ಅಲ್ಲಿಂದ ಸಾಗಿಸಬೇಕಾಯಿತು.

ಔಷಧಗಳ ಪರೀಕ್ಷೆಯಲ್ಲಿ ಇಂದು ಅತಿ ಹೆಚ್ಚು ಬಳಕೆಯಾಗುವುದು ಆಗ್ನೇಯ ಏಷ್ಯದ ಉದ್ದಬಾಲದ ಕೋತಿ. ೨೦೨೦ರಲ್ಲಿ ಚೀನವು ತನ್ನ ಕೋತಿಗಳ ರಫ್ತನ್ನು ನಿಲ್ಲಿಸಿದಾಗ ಬೆಲೆ ಗಗನಕ್ಕೇರಿತು. ಕಾಡಿನಲ್ಲಿ ಹಿಡಿದ ಕೋತಿಗಳಿಗೆ 'ಸಾಕಿ ಬೆಳೆಸಿದವು' ಎಂಬ ಸುಳ್ಳು ಚೀಟಿಯನ್ನು ಅಂಟಿಸಿ ಕಾಂಬೋಡಿಯದಿಂದ ಸಾಗಿಸಲಾಯಿತೆಂದು ಅಮೆರಿಕದ ಸರ್ಕಾರವು ೨೦೨೨ರಲ್ಲಿ ಎಂಟು ಮಂದಿಯ ಮೇಲೆ ಆರೋಪ ಹೊರಿಸಿತು; ಅವರಲ್ಲಿ ವಿಚಾರಣೆಗೆ ನಿಂತ ಒಬ್ಬನನ್ನು ನ್ಯಾಯಾಲಯವು ೨೦೨೪ರಲ್ಲಿ ನಿರ್ದೋಷಿಯೆಂದು ಬಿಟ್ಟಿತು. ಅದೇ ೨೦೨೨ರಲ್ಲಿ ಈ ಜಾತಿಯನ್ನು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಇಂತಹ ಸಂದೇಹ ಬಂದಾಗ ನಾವು ಮೇಲೆ ಹಾಕಿದ ಲೆಕ್ಕವೇ ಒಳ್ಳೆಯ ಪರೀಕ್ಷಕ. ಇಷ್ಟು ತಾಯಂದಿರಿಗೆ ಇಷ್ಟೇ ಮರಿಗಳು. ಅದಕ್ಕಿಂತ ಹೆಚ್ಚು ಮಾರಿದೆನೆಂದು ಹೇಳುವ ಸಾಕಣೆಯವನ ಮಾತನ್ನು ಪ್ರಕೃತಿಯೇ ಅಲ್ಲಗಳೆಯುತ್ತದೆ.

ನಮ್ಮ ದೇಶದ ಕಡೆಗೂ ಒಮ್ಮೆ ನೋಡೋಣ. ನಮ್ಮ ಊರಿನ ಕೋತಿ ರೀಸಸ್ ಅಲ್ಲ. ನೆತ್ತಿಯ ಮೇಲೆ ಕೂದಲ ಟೋಪಿಯಿಟ್ಟಂತೆ ಕಾಣುವ, ದಕ್ಷಿಣ ಭಾರತಕ್ಕೆ ಮಾತ್ರ ಸೀಮಿತವಾದ ಅದರ ದಾಯಾದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಹೋದ್ಯೋಗಿಗಳು ಈ ಕೋತಿಗಳಲ್ಲಿ ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದರು. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕ ಬಂದಾಗ, ಭಾರತದ ಕೋವ್ಯಾಕ್ಸಿನ್ ಲಸಿಕೆಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಇಪ್ಪತ್ತು ರೀಸಸ್ ಕೋತಿಗಳಲ್ಲಿ ಪರೀಕ್ಷಿಸಿತು. ಐದೈದರ ನಾಲ್ಕು ಗುಂಪುಗಳು, ಅವುಗಳಲ್ಲಿ ಒಂದಕ್ಕೆ ಲಸಿಕೆಯಿಲ್ಲದ ಮದ್ದು. ಆ ಇಪ್ಪತ್ತು ಕೋತಿಗಳು ಸಿದ್ಧವಾಗಿ ಇರಲಿಲ್ಲ. ಲಾಕ್‌ಡೌನಿನ ನಡುವೆ ಹುಡುಕಿ, ನಾಗಪುರದ ಕಡೆಯಿಂದ ಹಿಡಿದು ತರಬೇಕಾಯಿತು. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಕೋತಿಗಳನ್ನು ಹೊರಕ್ಕೆ ಕಳುಹಿಸಿದ ದೇಶವು, ತನ್ನ ಕಷ್ಟಕಾಲದಲ್ಲಿ ಇಪ್ಪತ್ತಕ್ಕೆ ಹುಡುಕಾಡಿತು!

ಋಣ

ಹಾಗಾದರೆ ಇನ್ನೂ ಹೆಚ್ಚು ಕೋತಿಗಳನ್ನು ಬೆಳೆಸುವುದೇ ಉತ್ತರವೆ? ವಿಜ್ಞಾನವು ಇನ್ನೊಂದು ದಾರಿಯನ್ನೂ ತೋರಿಸಿದೆ. ೧೯೬೨ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಸುಮುರಾ ಎಂಬವರು ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಕೋಶಗಳನ್ನು ಬೆಳೆಸಿದರು. ಆ ಕೋಶಗಳು ಒಡೆದು ಒಡೆದು ಇಂದಿಗೂ ಬೆಳೆಯುತ್ತಲೇ ಇವೆ. ವೀರೋ ಎಂಬ ಹೆಸರಿನ ಈ ಕೋಶವಂಶದಲ್ಲಿ ಇಂದು ಪೋಲಿಯೋ ಲಸಿಕೆಯನ್ನೂ ಕೋವ್ಯಾಕ್ಸಿನ್ನಿನಂಥ ಬೇರೆ ಲಸಿಕೆಗಳನ್ನೂ ಬೆಳೆಸುತ್ತಾರೆ. ಒಮ್ಮೆ ಲಕ್ಷ ಕೋತಿಗಳ ಮೂತ್ರಪಿಂಡ ಮಾಡುತ್ತಿದ್ದ ಕೆಲಸವನ್ನು ಅರುವತ್ತು ವರ್ಷಗಳ ಹಿಂದಿನ ಒಂದು ಕೋತಿಯ ಕೋಶಗಳು ಮಾಡುತ್ತಿವೆ.

೧೯೫೯ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಮೂರು ಸೂತ್ರಗಳನ್ನು ಹೇಳಿದರು: ಪ್ರಾಣಿಗೆ ಬದಲಾಗಿ ಬೇರೊಂದು ಸಾಧನ ದೊರೆತರೆ ಅದನ್ನೇ ಬಳಸು, ದೊರೆಯದಿದ್ದರೆ ಆದಷ್ಟು ಕಡಿಮೆ ಪ್ರಾಣಿಗಳನ್ನು ಬಳಸು, ಬಳಸುವುದರ ನೋವನ್ನು ಆದಷ್ಟು ತಗ್ಗಿಸು. ಹೊಸ ಔಷಧಗಳನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳಲ್ಲಿ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕವು ೨೦೨೨ರ ಕೊನೆಯಲ್ಲಿ ಕಾನೂನಿನಿಂದ ತೆಗೆದುಹಾಕಿತು. ಮಾನವಕೋಶಗಳಿಂದಲೇ ರೂಪಿಸಿದ ಪುಟ್ಟ ಅಂಗಗಳು, ಗಣಕಯಂತ್ರದ ಲೆಕ್ಕಗಳು ಮುಂದೆ ಬರುತ್ತಿವೆ. ಆದರೂ ಲಸಿಕೆಯು ಇಡಿಯ ದೇಹದಲ್ಲಿ ಹೇಗೆ ವರ್ತಿಸುತ್ತದೆ, ಬಸಿರಿನಲ್ಲಿ ಏನು ನಡೆಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಈ ಸಾಧನಗಳ ಉತ್ತರ ಇನ್ನೂ ಅಪೂರ್ಣ. ಅಲ್ಲಿಯವರೆಗೆ ಕೆಲವು ಕೋತಿಗಳು ಬೇಕಾಗುತ್ತವೆ. ಬೇಕಾದಷ್ಟು ದಿನ ಅವು ತಾಯಿಯ ಮಡಿಲಲ್ಲಿ, ಹಿಂಡಿನ ನಡುವೆ ಹುಟ್ಟಿ ಬೆಳೆಯುವಂತೆ ನೋಡಿಕೊಳ್ಳುವುದು ಬಳಸುವವರ ಕರ್ತವ್ಯ. ಹಿಂಡಿನಿಂದ ಕಿತ್ತು ಬೆಳೆಸಿದ ಕೋತಿ ಕೋತಿಯೂ ಅಲ್ಲ. ಅದರಿಂದ ಬರುವ ಉತ್ತರವು ನಂಬತಕ್ಕುದೂ ಅಲ್ಲ.

೨೦೧೭ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತವು ಕಾಯೊ ಸಾಂಟಿಯಾಗೊ ದ್ವೀಪದ ಮೇಲೆ ಹಾಯ್ದು, ಮರಗಿಡಗಳ ಬಹುಭಾಗವನ್ನು ಕಿತ್ತೆಸೆಯಿತು. ಬಿಸಿಲಿನಲ್ಲಿ ನೆರಳೇ ಅಪರೂಪವಾಯಿತು. ಜಗಳಗಂಟರೆಂದು ಹೆಸರಾದ ರೀಸಸ್ ಕೋತಿಗಳು ಆ ತುಣುಕು ನೆರಳಿಗಾಗಿ ಇನ್ನಷ್ಟು ಕಾದಾಡಿಯಾವೆಂದು ವಿಜ್ಞಾನಿಗಳು ಎಣಿಸಿದ್ದರು. ನಡೆದುದು ಬೇರೆ. ಅವು ಒಂದನ್ನೊಂದು ಸಹಿಸಿಕೊಂಡು, ಮೊದಲು ಹತ್ತಿರ ಸೇರಿಸದವರೊಡನೆಯೂ ಒತ್ತಾಗಿ ಕುಳಿತು, ನೆರಳನ್ನು ಹಂಚಿಕೊಂಡುವು. ಹಾಗೆ ಹೆಚ್ಚು ಮಂದಿಯೊಡನೆ ಹೊಂದಿಕೊಂಡವು ಹೆಚ್ಚಾಗಿ ಬದುಕಿ ಉಳಿದುವೆಂದು ವರ್ಷಗಳ ದಾಖಲೆಗಳು ತೋರಿಸಿವೆ. ಎಂಬತ್ತು ವರ್ಷಗಳ ಹಿಂದೆ ಗಂಗೆಯ ಬಯಲಿನಿಂದ ಪೆಟ್ಟಿಗೆಗಳಲ್ಲಿ ಹೋದವುಗಳ ಮರಿಮಕ್ಕಳು ಇವು. ಮುಂದಿನ ಸಲ ದೇವಸ್ಥಾನದ ಮೆಟ್ಟಿಲಿನ ಮೇಲೆ ಕೋತಿಯೊಂದು ನಮ್ಮ ಬಾಳೆಯಹಣ್ಣನ್ನು ಕಸಿದುಕೊಂಡಾಗ ಕೋಲೆತ್ತುವ ಮೊದಲು, ಅದರ ನೆಂಟರಿಂದ ನಾವು ಪಡೆದುದೆಷ್ಟು ಎಂಬುದನ್ನೂ ಕ್ಷಣಕಾಲ ನೆನೆಯಬಹುದು.